ಸ್ಪ್ಲಿಂಟ್ ಕಟ್ಟಿದರೂ ಅವ್ವನ ಕೈ ಜೋಮು ಹೋಗುತ್ತಿಲ್ಲ

ಖಣದಮನೆ (ಗುಳೇದಗುಡ್ಡ):
ನಮ್ಮವ್ವ 30 ವರ್ಷಗಳಿಂದ ಖಣ ನೇಯುತ್ತಿದ್ದಾಳೆ. ಆರು ತಿಂಗಳಿಂದ ಬಲಗೈ ಜೋಮು ಹಿಡಿಯುತ್ತಿದೆ. ನಡುರಾತ್ರಿ ಎದ್ದು ಕುಳಿತು ಕೈ ಕೊಡವುತ್ತಾಳೆ. ವೈದ್ಯರು ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿ ಜೋಮು ಹಿಡಿಯುವ ತೊಂದರೆ) ಎಂದು ಹೇಳಿ, ಮಲಗುವಾಗ ಮಣಿಕಟ್ಟಿಗೆ ಸ್ಪ್ಲಿಂಟ್, ಅಂದರೆ ಕೈ ಅಲುಗದಂತೆ ಹಿಡಿಯುವ ಪಟ್ಟಿ, ಕಟ್ಟಲು ತಿಳಿಸಿದರು. ಬಾಗಲಕೋಟೆಯಿಂದ ಒಂದನ್ನು ತಂದೆ. ಹತ್ತು ದಿನವಾಯಿತು, ಜೋಮು ಕಡಿಮೆಯಾಗುವುದಿರಲಿ, ಬೆಳಗ್ಗೆ ಬೆರಳು ಮಡಚುವುದೂ ಕಷ್ಟವಾಗಿದೆ. ಪಟ್ಟಿಯನ್ನು ಇನ್ನೂ ಬಿಗಿಯಬೇಕೇ? ಕಟ್ಟಿದ ಕೈಯ ಚಿತ್ರ ಹಾಕಿದ್ದೇನೆ.

ಕೈಚಿಕಿತ್ಸಕಿ (ಬೆಳಗಾವಿ):
ದಯವಿಟ್ಟು ಬಿಗಿಯಬೇಡಿ. ತೊಂದರೆ ಇರುವುದು ಒಳಗಿನ ತಗಡಿನಲ್ಲಿ. ನಿಮ್ಮದು ಕಾಕ್-ಅಪ್ ಸ್ಪ್ಲಿಂಟ್. ಅಂಗೈ ಕಡೆಯ ಹೊಲಿಗೆಯೊಳಗೆ ಒಂದು ಅಗಲವಾದ ತಗಡು ಇರುತ್ತದೆ. ಅದು ಮಣಿಕಟ್ಟನ್ನು 20–30 ಡಿಗ್ರಿ ಹಿಂದಕ್ಕೆ ಎತ್ತಿ ಹಿಡಿಯುತ್ತದೆ. ರೇಡಿಯಲ್ ನರ ಸೋತು ಕೈ ಜೋತುಬಿದ್ದವರಿಗೆ ಆ ಬಾಗು ಬೇಕೇ ಬೇಕು, ಮಣಿಕಟ್ಟು ಎದ್ದು ನಿಂತರೆ ಮಾತ್ರ ಅವರ ಬೆರಳಿಗೆ ಹಿಡಿತ ಬರುತ್ತದೆ. ಅವ್ವನವರಿಗೆ ಅದು ಬೇಡ. ಅಂಗೈ ಬುಡದ ಇಕ್ಕಟ್ಟಾದ ದಾರಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರ ಹಾದುಹೋಗುತ್ತದೆ. ಮಣಿಕಟ್ಟು ಹಿಂದೆ ಬಾಗಿದರೂ ಮುಂದೆ ಬಾಗಿದರೂ ಅಲ್ಲಿ ಒತ್ತಡ ಏರುತ್ತದೆ.

ತಗಡನ್ನು ಹೊರಗೆಳೆಯಿರಿ. ಮೇಜಿನ ಅಂಚಿಗೆ ಒತ್ತಿ ಸ್ವಲ್ಪ ಸ್ವಲ್ಪವಾಗಿ ನೇರ ಮಾಡಿ, ಮತ್ತೆ ತೂರಿಸಿ. ಕಟ್ಟಿದ ಮೇಲೆ ಪಕ್ಕದಿಂದ ನೋಡಿದರೆ ಮುಂಗೈ, ಹಸ್ತ ಒಂದೇ ಗೆರೆಯಲ್ಲಿರಬೇಕು. ಇನ್ನೊಂದು ಮಾತು: ಅಂಗೈಯ ಮೇಲಿನ ಅಡ್ಡಗೆರೆ ಪೂರ್ತಿ ಕಾಣುವಂತೆ ಸ್ಪ್ಲಿಂಟ್ ಹಿಂದೆಯೇ ನಿಲ್ಲಬೇಕು. ಚಿತ್ರದಲ್ಲಿ ಆ ಗೆರೆ ಮುಚ್ಚಿಹೋಗಿದೆ. ಬೆರಳು ಮಡಚಲಾಗದಿರುವುದು ಅದಕ್ಕೇ ಇರಬೇಕು. ಚಿಕ್ಕ ಅಳತೆಯದನ್ನು ತನ್ನಿ.

ಕಿರುಬೆರಳಿಗೂ ಜೋಮು ಇದೆಯೇ? ಹೆಬ್ಬೆರಳ ಬುಡದ ಉಬ್ಬು ಎಡಗೈಗಿಂತ ಬತ್ತಿದೆಯೇ? ನೋಡಿ ಹೇಳಿ.

ಬಾಣಂತಿ (ವಿಜಯಪುರ):
ನಡುವೆ ಬಂದದ್ದಕ್ಕೆ ಕ್ಷಮಿಸಿ. ಮಗುವನ್ನು ಎತ್ತಿಕೊಳ್ಳುವಾಗ ನನಗೆ ಹೆಬ್ಬೆರಳ ಬುಡದಿಂದ ಮುಂಗೈವರೆಗೆ ಸೆಳೆತ. ವೈದ್ಯರು ಡಿ ಕ್ವರ್ವೇನ್, ಅಂದರೆ ಹೆಬ್ಬೆರಳ ಸ್ನಾಯುರಜ್ಜುಗಳ ನೋವಿನ ತೊಂದರೆ, ಎಂದಿದ್ದಾರೆ. ಮನೆಯಲ್ಲಿ ಇಂಥದ್ದೇ ಸ್ಪ್ಲಿಂಟ್ ಇದೆ, ನಡೆಯುತ್ತದೆಯೇ?

ಕೈಚಿಕಿತ್ಸಕಿ (ಬೆಳಗಾವಿ):
ನಡೆಯುವುದಿಲ್ಲ, ಅದರಲ್ಲಿ ಹೆಬ್ಬೆರಳು ಆಡುತ್ತಲೇ ಇರುತ್ತದೆ. ನಿಮಗೆ ಬೇಕಾದದ್ದು ಥಂಬ್ ಸ್ಪೈಕಾ. ಅದು ಮಣಿಕಟ್ಟನ್ನೂ ಹೆಬ್ಬೆರಳ ಬುಡವನ್ನೂ ಹಿಡಿದು ತುದಿಯ ಗೆಣ್ಣನ್ನು ಮಾತ್ರ ಬಿಡುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು 65–70 ಡಿಗ್ರಿ ನೀರಿನಲ್ಲಿ ಮೆತ್ತಗಾಗಿಸಿ ನಿಮ್ಮ ಕೈಯ ಮೇಲೆಯೇ ಅಚ್ಚು ತೆಗೆದುಕೊಟ್ಟರೆ, ಬೇಸಿಗೆಯಲ್ಲಿ ಅದನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಆಕಾರ ಕೆಡುತ್ತದೆ.

ಖಣದಮನೆ (ಗುಳೇದಗುಡ್ಡ):
ಅಕ್ಕನವರೇ, ತಗಡು ನೇರ ಮಾಡಿದೆ, ಚಿಕ್ಕ ಅಳತೆಯದನ್ನೂ ತಂದೆ. ಎರಡು ರಾತ್ರಿಯಿಂದ ಅವ್ವ ಒಮ್ಮೆಯೂ ಎದ್ದಿಲ್ಲ! ಕಿರುಬೆರಳಿಗೆ ಜೋಮು ಇಲ್ಲ. ಆದರೆ ಎರಡೂ ಕೈ ಜೋಡಿಸಿ ನೋಡಿದಾಗ ಬಲಗೈಯ ಉಬ್ಬು ಚಪ್ಪಟೆಯಾಗಿದೆ. ಮಗ್ಗದಲ್ಲಿ ಕುಳಿತಾಗಲೂ ಕಟ್ಟಲೇ?

ಕೈಚಿಕಿತ್ಸಕಿ (ಬೆಳಗಾವಿ):
ಮಗ್ಗದಲ್ಲಿ ಬೇಡ, ಮಣಿಕಟ್ಟು ಬಿಗಿದರೆ ಭಾರವೆಲ್ಲ ಮೊಣಕೈ, ಭುಜಕ್ಕೆ ಬೀಳುತ್ತದೆ. ರಾತ್ರಿ ಮಾತ್ರ ಕಟ್ಟಿ. ಜೋಳದ ರೊಟ್ಟಿ ಬಡಿಯುವುದನ್ನು ಸದ್ಯಕ್ಕೆ ನೀವು ವಹಿಸಿಕೊಳ್ಳಿ, ಆಗ ಮಣಿಕಟ್ಟು ಪೂರ್ತಿ ಹಿಂದೆ ಬಾಗುತ್ತದೆ. ಆದರೆ ಉಬ್ಬು ಬತ್ತಿದೆ ಎಂದಿರಲ್ಲ, ಅದು ನರ ಬಹಳ ದಿನದಿಂದ ನಲುಗಿರುವ ಗುರುತು. ನಿದ್ದೆ ಬಂತೆಂದು ಸುಮ್ಮನಿರಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ ನರದ ಪರೀಕ್ಷೆಯ ಬಗ್ಗೆ ಕೇಳಿ.