ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಬೇಕು, ಆದರೆ 1 ಟಿಬಿ ಜಾಗ ಕಳೆದುಕೊಳ್ಳಬಾರದು: ದಾರಿ ಯಾವುದು?

ಚಿತ್ರಸಂಚಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್ ಹಳೆಯದಾದರೂ ಅದರ ಪ್ರೊಸೆಸರ್ ನನ್ನ ಕೆಲಸಕ್ಕೆ ಇಂದಿಗೂ ಸಾಲುತ್ತದೆ, ರ‍್ಯಾಮ್ 8 ಜಿಬಿ ಇದೆ. ಒಳಗಿರುವುದು ಮಾತ್ರ ನಿಮಿಷಕ್ಕೆ 5400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ ತೆರೆದುಕೊಂಡ ಮೇಲೂ ಬಹಳ ಹೊತ್ತು ಅದು ಯಾವುದಕ್ಕೂ ಸ್ಪಂದಿಸುವುದಿಲ್ಲ. ಆಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನೆ ಕುಳಿತಿರುತ್ತದೆ, ಡಿಸ್ಕ್ ಶೇಕಡಾ 100 ಎಂದು ತೋರಿಸುತ್ತಿರುತ್ತದೆ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ಹಾಕಿದರೆ ಇದು ಪರಿಹಾರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ತೊಡಕಿರುವುದು ಜಾಗದ್ದು. ಈ ಡಿಸ್ಕಿನಲ್ಲಿ ಈಗಾಗಲೇ 640 ಜಿಬಿ ತುಂಬಿದೆ. ಅದರಲ್ಲಿ ಬಹುಪಾಲು ಫೋಟೊಗಳು, ಕ್ಯಾಮೆರಾದಿಂದ ಇಳಿಸಿದ ವಿಡಿಯೊಗಳು. ನನ್ನ ಮಿತಿಗೆ ಒಗ್ಗುವ ಎಸ್‌ಎಸ್‌ಡಿ 256 ಅಥವಾ 512 ಜಿಬಿಯದು. ಹೊರಗೊಂದು ಡಿಸ್ಕನ್ನು ಸದಾ ನೇತುಹಾಕಿಕೊಂಡು ಓಡಾಡುವುದು ನನಗೆ ಒಗ್ಗದು. ಈ ಯಂತ್ರದಲ್ಲಿ ಡಿವಿಡಿ ಡ್ರೈವ್ ಇದೆ, ಅದನ್ನು ನಾನು ಬಳಸುವುದೇ ಇಲ್ಲ. ಎರಡೂ ಡಿಸ್ಕುಗಳನ್ನು ಒಳಗೇ ಇರಿಸಿಕೊಳ್ಳಲು ಸಾಧ್ಯವೇ? ಸಾಧ್ಯವಾದರೆ ಯಾವುದು ಎಲ್ಲಿ ಕೂರಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ತಿರುಪುಳಿ (ಉತ್ತರ)

ಚಿತ್ರಸಂಚಿ ಅವರೇ, ಟಾಸ್ಕ್ ಮ್ಯಾನೇಜರ್ ನಿಮಗೆ ಸರಿಯಾದ ಕಾರಣವನ್ನೇ ತೋರಿಸಿದೆ. 5400 ಸುತ್ತಿನ ಡಿಸ್ಕಿನ ತಟ್ಟೆ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡ್ ಹಿಡಿಯುತ್ತದೆ. ಬೇಕಾದ ಮಾಹಿತಿ ಅದನ್ನು ಓದುವ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧದಷ್ಟು ಕಾಯಬೇಕು, ಅದಕ್ಕೂ ಮೊದಲು ತಲೆ ಆ ಪಥಕ್ಕೆ ಸರಿಯಲು ಇನ್ನೊಂದು ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚೇ ಬೇಕಾಗುತ್ತದೆ. ಹಾಗಾಗಿ ಅಲ್ಲಲ್ಲಿ ಚದುರಿಕೊಂಡಿರುವ ಸಣ್ಣ ತುಣುಕುಗಳನ್ನು ಓದುವಾಗ ಅದರ ಸಾಮರ್ಥ್ಯ ಸೆಕೆಂಡಿಗೆ ನೂರು ತುಣುಕುಗಳ ಒಳಗೇ ನಿಂತುಬಿಡುತ್ತದೆ. ವಿಂಡೋಸ್ ಶುರುವಾಗುವುದೆಂದರೆ ಇಂಥ ಸಾವಿರಾರು ಓದುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಅದೇ ಓದು ಒಂದು ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ.

ಆದರೆ ಉದ್ದನೆಯ ಒಂದೇ ವಿಡಿಯೊ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗ ನಿಮ್ಮ ಹಳೆಯ ಡಿಸ್ಕ್ ಕೂಡ ಸೆಕೆಂಡಿಗೆ 100 ಎಂಬಿಯ ಹತ್ತಿರ ಕೊಡಬಲ್ಲದು, ವಿಡಿಯೊ ನೋಡಲು ಅದು ಧಾರಾಳವಾಯಿತು. ಆದ್ದರಿಂದ ವಿಂಡೋಸ್ ಮತ್ತು ತಂತ್ರಾಂಶಗಳಿಗಷ್ಟೇ ಎಸ್‌ಎಸ್‌ಡಿ ಕೊಟ್ಟು, ಫೋಟೊ ವಿಡಿಯೊಗಳನ್ನು ಹಾರ್ಡ್ ಡಿಸ್ಕಿನಲ್ಲೇ ಬಿಟ್ಟರೆ ನೀವು ಕಳೆದುಕೊಳ್ಳುವುದು ಅತ್ಯಲ್ಪ. 640 ಜಿಬಿಯನ್ನೂ ವೇಗದ ಡಿಸ್ಕಿಗೆ ಏರಿಸಲೇಬೇಕು ಎಂಬ ಊಹೆಯಿಂದಲೇ ಹಲವರು ಈ ಕೆಲಸವನ್ನು ಮುಂದೂಡುತ್ತಾ ಹೋಗುತ್ತಾರೆ.

ಕೊಳ್ಳುವ ಮೊದಲು ಕೆಳಮುಚ್ಚಳ ಬಿಚ್ಚಿ ನೋಡಿ. ಬ್ಯಾಟರಿಯ ಸಂಪರ್ಕವನ್ನು ಮೊದಲು ತಪ್ಪಿಸಿ. ಹಲವು ಯಂತ್ರಗಳಲ್ಲಿ 2.5 ಇಂಚಿನ ಡಿಸ್ಕಿನ ಜೊತೆಗೆ ಕಡ್ಡಿಯಾಕಾರದ ಎಸ್‌ಎಸ್‌ಡಿ ಕೂರಿಸುವ ಎಂ.2 ಎಂಬ ಚಿಕ್ಕ ಸ್ಲಾಟ್ ಖಾಲಿ ಬಿದ್ದಿರುತ್ತದೆ. ವೈಫೈ ಕಾರ್ಡ್ ಕೂತಿರುವ ಸ್ಲಾಟ್ ಕೂಡ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ, ಅದರೊಡನೆ ಗೊಂದಲ ಮಾಡಿಕೊಳ್ಳಬೇಡಿ. ಸ್ಲಾಟ್ ಸಿಕ್ಕರೆ ಎರಡು ವಿಷಯ ಗೊತ್ತಾಗಬೇಕು. ಮೊದಲನೆಯದು ಅಳತೆ: 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಎರಡನೆಯದು ಇದಕ್ಕಿಂತ ಮುಖ್ಯ: ಆ ಸ್ಲಾಟ್ ಸಾಟಾ (ಹಾರ್ಡ್ ಡಿಸ್ಕುಗಳೂ ಬಳಸುವ ಹಳೆಯ ಸಂಪರ್ಕ) ಬಗೆಯದನ್ನು ಒಪ್ಪುತ್ತದೆಯೋ, ಎನ್‌ವಿಎಂಇ (ಅದಕ್ಕಿಂತ ವೇಗದ ಹೊಸ ಸಂಪರ್ಕ) ಬಗೆಯದನ್ನೋ, ಎರಡನ್ನೂ ಒಪ್ಪುತ್ತದೆಯೋ ಎಂಬುದು. ಇದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಕಡ್ಡಿ ಸ್ಲಾಟಿನೊಳಗೆ ಸಲೀಸಾಗಿ ಕೂತರೂ ಯಂತ್ರ ಅದನ್ನು ಗುರುತಿಸದೇ ಹೋಗಬಹುದು. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಇರುತ್ತದೆ.

ಸ್ಲಾಟ್ ಇಲ್ಲದಿದ್ದರೆ ಡಿವಿಡಿ ಡ್ರೈವಿನ ಜಾಗ ಇದ್ದೇ ಇದೆ. ಕೆಳಭಾಗದ ಒಂದೇ ಸ್ಕ್ರೂ ತೆಗೆದರೆ ಡ್ರೈವ್ ಪಕ್ಕಕ್ಕೆ ಜಾರಿ ಹೊರಬರುವುದು ವಾಡಿಕೆ. ಅದೇ ಆಕಾರದ ಕ್ಯಾಡಿ ಎಂಬ ಚೌಕಟ್ಟಿನೊಳಗೆ 2.5 ಇಂಚಿನ ಡಿಸ್ಕ್ ಕೂರಿಸಿ ಒಳಗೆ ತಳ್ಳಬೇಕು. ಕ್ಯಾಡಿಗಳು 9.5 ಮತ್ತು 12.7 ಮಿ.ಮೀ. ದಪ್ಪದಲ್ಲಿ ಬರುತ್ತವೆ, ಆದ್ದರಿಂದ ಹೊರತೆಗೆದ ಡ್ರೈವಿನ ದಪ್ಪವನ್ನು ಅಳೆದೇ ತರಿಸಿ. ಹಳೆಯ ಡ್ರೈವಿನ ಮುಂದಿನ ಪ್ಲಾಸ್ಟಿಕ್ ಪಟ್ಟಿಯನ್ನು ಜೋಪಾನವಾಗಿ ಬಿಡಿಸಿ ಕ್ಯಾಡಿಗೆ ಸಿಕ್ಕಿಸಿದರೆ ಲ್ಯಾಪ್‌ಟಾಪಿನ ಅಂಚು ಮೊದಲಿನಂತೆಯೇ ಕಾಣುತ್ತದೆ. ಹೀಗೆ ಮಾಡುವುದಾದರೆ ಎಸ್‌ಎಸ್‌ಡಿ ಮೂಲ ಡಿಸ್ಕಿನ ಜಾಗಕ್ಕೆ ಹೋಗಬೇಕು, ಹಾರ್ಡ್ ಡಿಸ್ಕ್ ಕ್ಯಾಡಿಗೆ ಬರಬೇಕು. ಡಿವಿಡಿ ಜಾಗದ ಸಾಟಾ ಸಂಪರ್ಕ ಹಳೆಯ ಯಂತ್ರಗಳಲ್ಲಿ ನಿಧಾನದ್ದಾಗಿರುವುದುಂಟು. ಹಾರ್ಡ್ ಡಿಸ್ಕಿಗೆ ಅದು ಸಾಲುತ್ತದೆ, ಎಸ್‌ಎಸ್‌ಡಿಯ ಕೈ ಕಟ್ಟಿಹಾಕುತ್ತದೆ.

ನಿಧಾನಿ (ಉತ್ತರ)

ತಿರುಪುಳಿ ಅವರ ವಿವರಣೆ ಸರಿಯಾಗಿದೆ, ಕ್ಯಾಡಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಮೂಲ ಜಾಗದಲ್ಲಿ ಡಿಸ್ಕಿನ ಸುತ್ತ ರಬ್ಬರ್ ಮೆತ್ತೆ ಇರುತ್ತದೆ, ಕೆಲವು ಯಂತ್ರಗಳು ಕೆಳಗೆ ಬೀಳುವುದನ್ನು ಗ್ರಹಿಸಿ ತಲೆಯನ್ನು ಬದಿಗೆ ಸರಿಸುವ ವ್ಯವಸ್ಥೆಯನ್ನೂ ಹೊಂದಿರುತ್ತವೆ. ಅಗ್ಗದ ಕ್ಯಾಡಿಯಲ್ಲಿ ಇದಾವುದನ್ನೂ ನಿರೀಕ್ಷಿಸುವಂತಿಲ್ಲ. ದಿನವೂ ಚೀಲದಲ್ಲಿ ಓಡಾಡುವ ಯಂತ್ರದಲ್ಲಿ, ಅದೂ ಹಳೆಯ ಡಿಸ್ಕಿಗೆ, ಅಂಥ ವಾಸ ಹಿತವಲ್ಲ.

ಕೈಯಲ್ಲಿ ಸ್ವಲ್ಪ ಹೆಚ್ಚು ಸೇರಿಸಲಾಗುವುದಾದರೆ 1 ಟಿಬಿ ಎಸ್‌ಎಸ್‌ಡಿಯೊಂದನ್ನೇ ಹಾಕಿ, ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯೊಳಗೆ ಇಟ್ಟು ಬ್ಯಾಕಪ್‌ಗೆ ಬಳಸಿ ಎಂಬುದು ನನ್ನ ಸಲಹೆ. ಹೊರಗಿನ ಡಿಸ್ಕ್ ನಿಮಗೆ ಬೇಡವೆಂದಿರಿ; ಬ್ಯಾಕಪ್‌ನ ಡಿಸ್ಕ್ ಮೇಜಿನ ಖಾನೆಯಲ್ಲಿ ಇರುವುದೇ ಹೊರತು ನಿಮ್ಮೊಡನೆ ಓಡಾಡುವುದಿಲ್ಲ. ಎಸ್‌ಎಸ್‌ಡಿ ಬೇಗ ಸವೆಯುತ್ತದೆಂಬ ಭಯವೂ ಬೇಡ. ಟಿಎಲ್‌ಸಿ (ಚಿಪ್ಪಿನ ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಬಗೆಯ 1 ಟಿಬಿ ಡ್ರೈವುಗಳಿಗೆ 600 ಟಿಬಿ ಬರೆಯುವವರೆಗೆ ಖಾತರಿ ಕೊಡುವುದು ಸಾಮಾನ್ಯ. ದಿನಕ್ಕೆ 30 ಜಿಬಿ ಬರೆದರೂ ವರ್ಷಕ್ಕೆ 11 ಟಿಬಿ ಮಾತ್ರ ಆಗುತ್ತದೆ, ಅಷ್ಟರಲ್ಲಿ ಲ್ಯಾಪ್‌ಟಾಪೇ ಮೂಲೆ ಸೇರಿರುತ್ತದೆ. ಕ್ಯೂಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್ ಇಡುವ) ಬಗೆಯದು ಇನ್ನೂ ಅಗ್ಗ. ಒಂದೇ ಸಲ ನೂರಾರು ಜಿಬಿ ಸುರಿದರೆ ಅದರ ಬರೆಯುವ ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಕುಸಿಯಬಹುದು. ಆದರೆ ಒಮ್ಮೆ ಬರೆದು ಮತ್ತೆ ಮತ್ತೆ ನೋಡುವ ಫೋಟೊಗಳಿಗೆ ಅದೇನೂ ದೊಡ್ಡ ಕೊರತೆಯಲ್ಲ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಯಾವ ದಾರಿ ಹಿಡಿದರೂ ಈಗಿನ ಡಿಸ್ಕಿನ ಆರೋಗ್ಯವನ್ನು ಮೊದಲು ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶ ಅದರ ಸ್ಮಾರ್ಟ್ ವಿವರಗಳನ್ನು (ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಡುವ ದಾಖಲೆ) ತೋರಿಸುತ್ತದೆ. ಅಲ್ಲಿ ಕೆಟ್ಟದ್ದರಿಂದ ಮರುಹಂಚಿಕೆಯಾದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ತುಣುಕುಗಳ) ಅಥವಾ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಆ ಡಿಸ್ಕಿನ ಮೇಲೆ ಯಾವ ಯೋಜನೆಯನ್ನೂ ಕಟ್ಟಬೇಡಿ.

ಚಿತ್ರಸಂಚಿ

ಇಬ್ಬರಿಗೂ ಧನ್ಯವಾದಗಳು. ಕೆಳಮುಚ್ಚಳ ಬಿಚ್ಚಿದೆ. ರ‍್ಯಾಮ್ ಪಕ್ಕದಲ್ಲೇ ಎಂ.2 ಸ್ಲಾಟ್ ಖಾಲಿ ಇದೆ, ಆದರೆ ಕಡ್ಡಿಯನ್ನು ಹಿಡಿದಿಡುವ ಪುಟ್ಟ ಸ್ಕ್ರೂ ಅಲ್ಲಿಲ್ಲ. ಕೈಪಿಡಿಯ ಪ್ರಕಾರ ಅದು 2280 ಅಳತೆಯದು, ಸಾಟಾ ಮಾತ್ರ. ಸ್ಮಾರ್ಟ್ ವಿವರಗಳಲ್ಲಿ ನಿಧಾನಿ ಅವರು ಹೇಳಿದ ಎರಡೂ ಸಂಖ್ಯೆಗಳು ಸೊನ್ನೆ ಇವೆ. ಹಾಗಾಗಿ 512 ಜಿಬಿಯ ಎಂ.2 ಸಾಟಾ ಎಸ್‌ಎಸ್‌ಡಿ ತರಿಸಿ, ಹಾರ್ಡ್ ಡಿಸ್ಕನ್ನು ಅದರ ಮೂಲ ಜಾಗದಲ್ಲೇ ಬಿಡುವುದೆಂದು ತೀರ್ಮಾನಿಸಿದ್ದೇನೆ. ಈಗಿರುವ ವಿಂಡೋಸನ್ನು ಹಾಗೆಯೇ ನಕಲು ಮಾಡಬೇಕೇ, ಹೊಸದಾಗಿ ಹಾಕಬೇಕೇ? ಸಾಟಾ ಎಂಬ ಕಾರಣಕ್ಕೆ ವೇಗದಲ್ಲಿ ಬಹಳ ನಷ್ಟವಾಗುತ್ತದೆಯೇ?

ಬೂಟುಪಟ್ಟಿ (ಉತ್ತರ)

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಎನ್‌ವಿಎಂಇ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಆದರೆ ಹಾರ್ಡ್ ಡಿಸ್ಕಿನಿಂದ ಸಾಟಾಗೆ ಬಂದಾಗ ಆಗುವ ಬದಲಾವಣೆಯ ಮುಂದೆ ಸಾಟಾದಿಂದ ಎನ್‌ವಿಎಂಇಗೆ ಹೋಗುವುದರ ವ್ಯತ್ಯಾಸ ದಿನನಿತ್ಯದ ಬಳಕೆಯಲ್ಲಿ ಕಾಣಿಸುವುದೇ ಕಷ್ಟ. ಸ್ಕ್ರೂ ಎಸ್‌ಎಸ್‌ಡಿ ಜೊತೆಗೆ ಬರದಿರುವುದೂ ಉಂಟು, ಬೇರೆಯಾಗಿ ತರಿಸಿಕೊಳ್ಳಿ. ಅದಿಲ್ಲದಿದ್ದರೆ ಕಡ್ಡಿ ಓರೆಯಾಗಿ ಮೇಲೆದ್ದು ನಿಲ್ಲುತ್ತದೆ.

ಇನ್ನು ನಕಲಿನ ವಿಷಯ. 512 ಜಿಬಿ ಎಂದು ಬರೆದಿರುವ ಎಸ್‌ಎಸ್‌ಡಿ ವಿಂಡೋಸಿನಲ್ಲಿ 476 ಜಿಬಿ ಎಂದು ಕಾಣುತ್ತದೆ. ನಿಮ್ಮಲ್ಲಿರುವ 640 ಜಿಬಿ ಅದರೊಳಗೆ ಹಿಡಿಯುವುದಿಲ್ಲ. ನಕಲೇ ಬೇಕೆಂದರೆ ಫೋಟೊ ವಿಡಿಯೊಗಳನ್ನು ತಾತ್ಕಾಲಿಕವಾಗಿ ಬೇರೆಡೆಗೆ ಸಾಗಿಸಿ, ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಿ, ಆಮೇಲೆ ನಕಲು ಮಾಡಬೇಕು. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪಿಗೊಂಡಿದ್ದರೆ ಅದನ್ನು ಮೊದಲು ಆರಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ವರ್ಷಗಳಿಂದ ಸೇರಿಕೊಂಡ ಕಸ ನಿಮ್ಮ ಹಿಂದೆಯೇ ಬರುತ್ತದೆ. ನಿಮ್ಮ ಸಂದರ್ಭದಲ್ಲಿ ಹೊಸದಾಗಿ ಹಾಕುವುದೇ ಲೇಸು. ಡಿಜಿಟಲ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ನಿಮ್ಮ ಯಂತ್ರ ವಿಂಡೋಸ್ 11ರ ಅರ್ಹತೆ ಹೊಂದಿದೆಯೇ ಎಂದು ಇದೇ ಸಂದರ್ಭದಲ್ಲಿ ನೋಡಿಕೊಳ್ಳಿ.

ವಿಂಡೋಸ್ ಹಾಕುವಾಗ ಹಾರ್ಡ್ ಡಿಸ್ಕನ್ನು ಕಳಚಿಡಿ. ಇದನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಎರಡೂ ಡಿಸ್ಕುಗಳಿದ್ದರೆ ಅನುಸ್ಥಾಪನೆಯು ಹಳೆಯ ಡಿಸ್ಕಿನಲ್ಲಿ ಈಗಾಗಲೇ ಇರುವ ಇಎಫ್‌ಐ ಪಾರ್ಟಿಷನ್ನಿಗೇ ಬೂಟ್ ಕಡತಗಳನ್ನು (ವಿಂಡೋಸ್ ಶುರುವಾಗಲು ಬೇಕಾದ ಕಡತಗಳು) ಬರೆದುಬಿಡುವ ಸಾಧ್ಯತೆ ಇದೆ. ಆಗ ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ, ಬೂಟ್ ಆಗಲು ಬೇಕಾಗುವುದು ಹಾರ್ಡ್ ಡಿಸ್ಕ್. ಮುಂದೆಂದಾದರೂ ಹಾರ್ಡ್ ಡಿಸ್ಕ್ ಕೆಟ್ಟರೆ ಆರೋಗ್ಯವಾಗಿರುವ ಎಸ್‌ಎಸ್‌ಡಿಯೂ ಏಳುವುದಿಲ್ಲ. ಹೊಸ ವಿಂಡೋಸ್ ಎಸ್‌ಎಸ್‌ಡಿಯಿಂದ ಒಮ್ಮೆ ತಾನಾಗಿಯೇ ಶುರುವಾದುದನ್ನು ಕಂಡ ಮೇಲೆ ಹಾರ್ಡ್ ಡಿಸ್ಕನ್ನು ಮತ್ತೆ ಜೋಡಿಸಿ, ಬಯಾಸ್‌ನ (ವಿಂಡೋಸಿಗೂ ಮೊದಲು ಶುರುವಾಗುವ ಯಂತ್ರದ ಮೂಲ ತಂತ್ರಾಂಶದ) ಬೂಟ್ ಕ್ರಮದಲ್ಲಿ ಎಸ್‌ಎಸ್‌ಡಿ ಮೊದಲಿರುವಂತೆ ನೋಡಿಕೊಳ್ಳಿ.

ಆಮೇಲೆ ಪಿಕ್ಚರ್ಸ್, ವಿಡಿಯೋಸ್, ಡೌನ್‌ಲೋಡ್ಸ್ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು, ಲೊಕೇಶನ್ ಎಂಬಲ್ಲಿ ಹಾರ್ಡ್ ಡಿಸ್ಕಿನಲ್ಲಿ ಹೊಸದಾಗಿ ಮಾಡಿದ ಫೋಲ್ಡರುಗಳ ದಾರಿ ಕೊಡಿ. ಯೂಸರ್ಸ್ ಫೋಲ್ಡರನ್ನೇ ಇಡಿಯಾಗಿ ಸರಿಸುವ ತಂತ್ರಗಳನ್ನು ಅಲ್ಲಲ್ಲಿ ಬರೆದಿರುತ್ತಾರೆ, ಅದರ ಗೋಜಿಗೆ ಹೋಗಬೇಡಿ. ವಿಂಡೋಸಿನ ದೊಡ್ಡ ಅಪ್‌ಡೇಟುಗಳು ಅಂಥ ಏರ್ಪಾಡಿನಲ್ಲಿ ಎಡವುತ್ತವೆ. ಫೋಟೊ ತಂತ್ರಾಂಶ ಬಳಸುವಿರಾದರೆ ಅದರ ಕ್ಯಾಟಲಾಗ್ ಮತ್ತು ಕಿರುಚಿತ್ರಗಳು ಎಸ್‌ಎಸ್‌ಡಿಯಲ್ಲಿ ಇರಲಿ, ಮೂಲ ಚಿತ್ರಗಳು ಹಾರ್ಡ್ ಡಿಸ್ಕಿನಲ್ಲಿ ಇರಲಿ. ಸಾವಿರ ಚಿತ್ರಗಳ ನಡುವೆ ಸರಸರನೆ ಸಾಗಲು ನೆರವಾಗುವುದು ಆ ಕಿರುಚಿತ್ರಗಳೇ.

ನಿಧಾನಿ

ಬೂಟುಪಟ್ಟಿ ಅವರು ಹೇಳಿದ್ದಕ್ಕೆ ಎರಡು ಸೇರ್ಪಡೆ. ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ ಇರುವಾಗ ಒಂದರಿಂದ ಇನ್ನೊಂದಕ್ಕೆ ಪ್ರತಿ ಮಾಡಿಕೊಂಡರೆ ಅದು ಬ್ಯಾಕಪ್ ಆಗುವುದಿಲ್ಲ. ಯಂತ್ರ ಕಳುವಾದರೆ ಎರಡೂ ಒಟ್ಟಿಗೇ ಹೋಗುತ್ತವೆ. ಫೋಟೊಗಳ ಒಂದು ಪ್ರತಿ ಈ ಯಂತ್ರದ ಹೊರಗೆ ಇರಲೇಬೇಕು. ಎಸ್‌ಎಸ್‌ಡಿಯಿಂದ ಅಳಿಸಿದ್ದನ್ನು ಮರಳಿ ಪಡೆಯುವುದು ಹಾರ್ಡ್ ಡಿಸ್ಕಿಗಿಂತ ಬಹಳ ಕಷ್ಟ. ಟ್ರಿಮ್ ವ್ಯವಸ್ಥೆ ಅಳಿಸಿದ ಜಾಗವನ್ನು ಡ್ರೈವಿಗೆ ತಿಳಿಸಿ ತೆರವು ಮಾಡಿಸಿಬಿಡುತ್ತದೆ.

ಹಾರ್ಡ್ ಡಿಸ್ಕಿನಲ್ಲಿರುವ ಹಳೆಯ ವಿಂಡೋಸನ್ನು ಕೂಡಲೇ ಅಳಿಸಬೇಡಿ. ಬೇಕಾದ ತಂತ್ರಾಂಶಗಳು, ಬ್ರೌಸರಿನ ಬುಕ್‌ಮಾರ್ಕುಗಳು, ಇಮೇಲ್ ಕಡತಗಳು ಎಲ್ಲವೂ ಹೊಸ ಕಡೆಗೆ ಬಂದಿವೆ ಎಂದು ಖಚಿತವಾದ ಮೇಲೆ ಅದರ ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರುಗಳನ್ನು ತೆಗೆಯಬಹುದು. ಹಳೆಯ ಬಳಕೆದಾರರ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಎಂದು ಬಂದರೆ ಗಾಬರಿಯಾಗಬೇಡಿ. ಮುಂದುವರಿಯಿರಿ ಎಂದು ಒತ್ತಿದರೆ ವಿಂಡೋಸ್ ಆ ಕಡತಗಳ ಅನುಮತಿಯನ್ನು ಬದಲಿಸುತ್ತದೆ. ಕಡತಗಳು ಬಹಳವಿದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಲ್ಲಿ ಉಳಿಯುವ ಹಳೆಯ ಇಎಫ್‌ಐ ಪಾರ್ಟಿಷನ್ ಸಾಮಾನ್ಯವಾಗಿ ಕೆಲವು ನೂರು ಎಂಬಿಯಷ್ಟೇ ಇರುತ್ತದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಅಳಿಸಲು ಬಿಡುವುದಿಲ್ಲ, ಡಿಸ್ಕ್‌ಪಾರ್ಟ್ ಎಂಬ ಆಜ್ಞೆ ಬರೆದು ನಡೆಸುವ ಸಾಧನ ಬಳಸಿ ಅಳಿಸಬಹುದು. ಆದರೆ ಅಷ್ಟು ಜಾಗಕ್ಕಾಗಿ 640 ಜಿಬಿ ಕಡತಗಳಿರುವ ಡಿಸ್ಕಿನ ಮೇಲೆ ಡಿಸ್ಕ್‌ಪಾರ್ಟ್ ಪ್ರಯೋಗಿಸುವುದಕ್ಕಿಂತ ಅದನ್ನು ಹಾಗೆಯೇ ಬಿಡುವುದು ವಾಸಿ.