ಯೆರೆಮೀಯ ಇರುವಾಗ ಹುಲ್ದಳ ಮನೆಗೆ ಯಾಕೆ ಹೋದರು?

ಸಂಡೇಸ್ಕೂಲ್ ಅಕ್ಕ:
ಬರುವ ಭಾನುವಾರ ನಮ್ಮ ಚರ್ಚಿನ ಸ್ತ್ರೀಯರ ಕೂಟದಲ್ಲಿ ನಾನು ಹತ್ತು ನಿಮಿಷ ಮಾತಾಡಬೇಕು. ರೂತ್, ಎಸ್ತೇರ್ ಬಗ್ಗೆ ಪ್ರತಿ ವರ್ಷ ಯಾರಾದರೂ ಹೇಳೇ ಹೇಳ್ತಾರೆ ಅಂತ ಪ್ರವಾದಿನಿ ಹುಲ್ದಳನ್ನು ಹಿಡಿದುಕೊಂಡೆ (ಬೈಬಲಿನ ಎರಡನೇ ಅರಸುಗಳು, 22ನೇ ಅಧ್ಯಾಯ). ಯೆಹೂದದ ಯೋಷೀಯ ಅರಸನ ಆಳ್ವಿಕೆಯ 18ನೇ ವರ್ಷ, ಯೆರೂಸಲೇಮಿನ ದೇವಾಲಯದ ರಿಪೇರಿ ನಡೆಯುವಾಗ ಧರ್ಮಶಾಸ್ತ್ರದ ಗ್ರಂಥ ಸಿಗುತ್ತದೆ. ಅದನ್ನು ಓದಿಸಿ ಕೇಳಿದ ಅರಸ ಬಟ್ಟೆ ಹರಿದುಕೊಂಡು, ಹೋಗಿ ಯೆಹೋವನನ್ನು ವಿಚಾರಿಸಿ ಅನ್ನುತ್ತಾನೆ. ಮಹಾಯಾಜಕ ಹಿಲ್ಕೀಯನೂ ಸೇರಿ ಐದು ಜನ ದೊಡ್ಡವರು ಹೋದದ್ದು ಹುಲ್ದಳ ಹತ್ತಿರ. ಗಂಡ ಶಲ್ಲೂಮ ವಸ್ತ್ರಗಳನ್ನು ನೋಡಿಕೊಳ್ಳುವವನು. ದೊಡ್ಡ ಪ್ರವಾದಿ ಯೆರೆಮೀಯ ಪ್ರವಾದಿಸಲು ಶುರು ಮಾಡಿ ಆಗಲೇ ಐದು ವರ್ಷ! ಅವನನ್ನು ಬಿಟ್ಟು ಇವಳೇ ಯಾಕೆ? ನಮ್ಮತ್ತೆಯನ್ನು ಕೇಳಿದರೆ "ಅವನು ಊರಲ್ಲಿರಲಿಲ್ಲ ಬಿಡೇ" ಅಂದರು.

ಹಳೇ ಓದುಗ:
ಅಕ್ಕಾ, ನಿಮ್ಮತ್ತೆ ಹೇಳಿದ್ದು ಯೆಹೂದ್ಯರ ಧರ್ಮಚರ್ಚೆಗಳ ಹಳೇ ಗ್ರಂಥ ತಾಲ್ಮೂದಿನಲ್ಲೇ ಇದೆ! ಅದರ ಮೆಗಿಲ್ಲಾ ಭಾಗದಲ್ಲಿ ರಬ್ಬಿಗಳೂ (ಯೆಹೂದ್ಯ ಧರ್ಮಗುರುಗಳು) ಇದನ್ನೇ ಕೇಳುತ್ತಾರೆ. ಒಬ್ಬರ ಪ್ರಕಾರ ಯೆರೆಮೀಯ, ಅಶ್ಶೂರರು ಸೆರೆ ಒಯ್ದಿದ್ದ ಇಸ್ರಾಯೇಲಿನ ಹತ್ತು ಕುಲದವರನ್ನು ಕರೆತರಲು ಹೋಗಿದ್ದ. ಇನ್ನೊಂದು ಉತ್ತರ, ಅವಳು ಅವನ ನೆಂಟಳು, ಅವನು ಬೇಜಾರು ಮಾಡಿಕೊಳ್ಳಲಿಲ್ಲ ಅಂತ. ಹೆಂಗಸರಿಗೆ ಕನಿಕರ ಜಾಸ್ತಿ ಅನ್ನುವುದು ಮತ್ತೊಂದು. ಈ ಕನಿಕರದ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಈ ಊರಿಗೆ ಕೇಡು ತಪ್ಪಿದ್ದಲ್ಲ ಅಂತ ಮುಖಕ್ಕೆ ಹೇಳಿದವಳು ಅವಳು. ಅರಸನನ್ನೂ "ನಿಮ್ಮನ್ನು ಕಳುಹಿಸಿದ ಮನುಷ್ಯನಿಗೆ ಹೇಳಿ" ಅಂದಳು. ಅದಕ್ಕೇ ಒಬ್ಬ ರಬ್ಬಿ ಸೊಕ್ಕಿನವಳು ಅಂತ ಬೈದು, ಹೆಸರಿನ ಅರ್ಥ ಹಿಡಿದು ಮುಂಗುಸಿಯಂಥ ಪ್ರಾಣಿಯ ಹೆಸರು ಅಂತ ಆಡಿಕೊಂಡಿದ್ದಾರೆ. ಆದರೂ ಅದೇ ತಾಲ್ಮೂದ್ ಏಳು ಜನ ಪ್ರವಾದಿನಿಯರ ಪಟ್ಟಿಯಲ್ಲಿ ಅವಳನ್ನು ಸೇರಿಸಿದೆ.

ಸಂಶಯ ಪಿಶಾಚಿ:
ಸಮಾಧಾನದಿಂದ ಸಮಾಧಿ ಸೇರುತ್ತೀ ಅಂತ ಯೋಷೀಯನಿಗೆ ಹೇಳಿದ್ದಳಲ್ಲ? ಅವನು ಮೆಗಿದ್ದೋದಲ್ಲಿ ಐಗುಪ್ತದ ಅರಸ ಫರೋಹ ನೆಕೋನ ಕೈಯಲ್ಲಿ ಸತ್ತ. ಇದನ್ನು ಕೂಟದಲ್ಲಿ ಯಾರಾದರೂ ಕೇಳಿದರೆ?

ಸಂಡೇಸ್ಕೂಲ್ ಅಕ್ಕ:
ಕೇಳಲಿ. ಅದೇ ವಚನದಲ್ಲಿ "ಈ ಕೇಡನ್ನು ನಿನ್ನ ಕಣ್ಣು ನೋಡುವುದಿಲ್ಲ" ಅಂತಲೂ ಇದೆ. ಅವನು ಸತ್ತದ್ದು ಕ್ರಿ.ಪೂ. 609ರಲ್ಲಿ, ಯೆರೂಸಲೇಮ್ ಬಿದ್ದದ್ದು 586ರ ಹೊತ್ತಿಗೆ. ಅಷ್ಟು ಮಟ್ಟಿಗೆ ಅವಳ ಮಾತು ನಿಂತಿತು, "ಸಮಾಧಾನದಿಂದ" ಅನ್ನುವ ಪದ ಮಾತ್ರ ನನಗೂ ಚುಚ್ಚುತ್ತದೆ. ರಾತ್ರಿ ಮತ್ತೆ ಅಧ್ಯಾಯ ಓದಿದೆ. ಹೆಂಗಸಿನ ಹತ್ತಿರ ಯಾಕೆ ಅಂತ ಆ ಐವರಲ್ಲಿ ಒಬ್ಬನೂ ಕೇಳುವುದಿಲ್ಲ, ಅರಸನೂ ಕೇಳುವುದಿಲ್ಲ. ಅವಳ ಮಾತು ಕೇಳಿದ ಮೇಲೆ ಅವನು ಜನರನ್ನೆಲ್ಲ ಸೇರಿಸಿ ಅವರಿಗೆ ಕೇಳುವಂತೆ ಆ ಗ್ರಂಥ ಓದುತ್ತಾನೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ತಾಲ್ಮೂದಿನ ವಿಷಯ ಅತ್ತೆಗಿನ್ನೂ ಹೇಳಿಲ್ಲ, ಹೇಳಿದರೆ ಭಾನುವಾರ ಅವರೇ ಮಾತಾಡಲು ಎದ್ದು ನಿಲ್ಲುತ್ತಾರೆ.