ದೊಡ್ಡಪ್ಪನ ಒತ್ತಕ್ಷರ ಮತ್ತು ಮ್ಯಾಕ್ ಜಗಳ

ಮೊನ್ನೆ ರಾತ್ರಿ ನಮ್ಮ ಮನೆಯ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. "ಫೋಟೋ, ಡಿಸೈನ್ ಕೆಲಸಕ್ಕೆ ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್ ಒಂದೇ ಗತಿ. ವಿಂಡೋಸ್‌ನಲ್ಲಿ ಬಣ್ಣವೇ ಸರಿಯಾಗಿ ಬರುವುದಿಲ್ಲ. ಹಣ ಕಳೆದುಕೊಳ್ಳಬೇಡಿ, ಎಲ್ಲರಿಗೂ ಕಳಿಸಿ." ಕೆಳಗೆ ಅವರದೇ ಸಾಲು: "ಪುಟ್ಟಿ, ಓದು. ಇದಕ್ಕೇ ಬಿ.ಎಡ್. ಮಾಡು ಅಂದಿದ್ದು."

ಪುಟ್ಟಿಗೆ ಲಗ್ನಪತ್ರಿಕೆ ಡಿಸೈನ್ ಶುರು ಮಾಡುವ ಆಸೆ. ಲ್ಯಾಪ್‌ಟಾಪ್ ಕೊಳ್ಳಲು ಕೈಯಲ್ಲಿರುವುದು 70 ಸಾವಿರ.

ಭಾವ ಎಂದಿನಂತೆ ಕೇಳಿದರು: "ಇದರ ಮೂಲ ಯಾವುದು?"

ದೊಡ್ಡಪ್ಪ: "ಅಳಿಯಂದಿರು ಸೈಟು ಕೊಳ್ಳುವಾಗ ಮೂಲಪತ್ರ ಕೇಳಿದ್ದರೇ?"

ಸೈಟಿನ ವಿಷಯ ಗುಂಪಿನಲ್ಲಿ ಎತ್ತಬಾರದೆಂದು ಯುಗಾದಿಯಲ್ಲೇ ಮಾತಾಗಿತ್ತು.

ಮಾತು ತಿರುಗಿಸಲು ನಾನು ಉದ್ದಕ್ಕೆ ಬರೆದೆ: "1990ರಲ್ಲಿ ಫೋಟೋ ತಿದ್ದುವ ಫೋಟೋಶಾಪ್ ಸಾಫ್ಟ್‌ವೇರ್ ಬಂದಾಗ ಮ್ಯಾಕ್‌ಗೆ ಮಾತ್ರ ಇತ್ತು. ಆ ಕಾಲದ ಮಾತು ಇನ್ನೂ ಓಡಾಡುತ್ತಿದೆ, ಅಷ್ಟೇ. ಬಣ್ಣ ಕೆಡುವುದು ಅಗ್ಗದ ಪರದೆಯಿಂದ. ಪುಟ್ಟಿ, ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಬದಲಾಗದ) ಪರದೆ, 100% ಎಸ್‌ಆರ್‌ಜಿಬಿ ಅಂತ ಬರೆದಿರಬೇಕು, ಅದು ಪರದೆ ತೋರಿಸುವ ಬಣ್ಣಗಳ ಅಳತೆ. 45% ಎನ್‌ಟಿಎಸ್‌ಸಿ (ಅದೂ ಬಣ್ಣದ ಅಳತೆಯೇ) ಅಂತಿದ್ದರೆ ಬೇಡ. ಅದರಲ್ಲಿ ಕುಂಕುಮವೂ ಮಂಕಾಗಿ ಕಾಣುತ್ತದೆ. ರ್ಯಾಮ್, ಅಂದರೆ ಕೆಲಸದ ಮೆಮೊರಿ, 16 ಜಿಬಿ ಇರಲಿ. ಈಗಿನ ಮ್ಯಾಕ್‌ಬುಕ್‌ಗೆ ಆಮೇಲೆ ರ್ಯಾಮ್ ಹಾಕಿಸಲು ಆಗುವುದಿಲ್ಲ, ಕೆಲವು ವಿಂಡೋಸ್ ಲ್ಯಾಪ್‌ಟಾಪ್‌ಗೆ ಆಗುತ್ತದೆ. ಪ್ರೆಸ್ಸಿನವರಿಗೆ ಕೋರೆಲ್ ಅನ್ನುವ ಡಿಸೈನ್ ಸಾಫ್ಟ್‌ವೇರಿನ ಫೈಲ್ ಬೇಕಾ ಅಂತಲೂ ವಿಚಾರಿಸು."

ಇಷ್ಟಕ್ಕೆ ಬಂದದ್ದು ಚಿಕ್ಕಮ್ಮನ ಒಂದು ಹೆಬ್ಬೆಟ್ಟು.

ಅಷ್ಟರಲ್ಲಿ ಶಿವಮೊಗ್ಗದ ಅತ್ತೆ ಎದ್ದರು. "ನಮ್ಮ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ. ಸ್ಟುಡಿಯೋದಲ್ಲಿ ಹಿಂದೆ ಜಲಪಾತದ ಪರದೆ. ನನ್ನ ಕಪ್ಪು ಬಿಳುಪು ಫೋಟೋಗೆ ಬ್ರಷ್ಷಿನಲ್ಲಿ ಬಣ್ಣ ಹಚ್ಚಿಕೊಟ್ಟಿದ್ದರು. ಸೀರೆ ಹಸಿರು, ಅವರು ಹಚ್ಚಿದ್ದು ನೀಲಿ. ನಿಮ್ಮ ಮಾವ ಇವತ್ತಿಗೂ ಅದನ್ನು ನೀಲಿ ಸೀರೆ ಅಂತಲೇ ಹೇಳುತ್ತಾರೆ." ಹಿಂದೆಯೇ ಎಂಟು ಫೋಟೋ ಬಂದವು. ಅದರಲ್ಲಿ ಎರಡು ಬೇರೆ ಯಾರದೋ ಮದುವೆಯವು.

ದೊಡ್ಡಪ್ಪ ಬಿಡಲಿಲ್ಲ. "ಗೃಹಪ್ರವೇಶದ ಪತ್ರಿಕೆಯಲ್ಲಿ ನನ್ನ ಹೆಸರು ಕೆಡಿಸಿದ್ದು ವಿಂಡೋಸ್ ತಾನೇ?"

ಓ, ವಿಷಯ ಇದು! ಅವರ ಹೆಸರಿನಲ್ಲಿ ಎರಡು ಒತ್ತಕ್ಷರ. ಭಾವ ತಾವೇ ಕೂತು ಮಾಡಿದ ಪತ್ರಿಕೆಯಲ್ಲಿ ಎರಡೂ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದ್ದವು. ಬೇಕೆಂದೇ ಮಾಡಿದ್ದು ಅಂತ ದೊಡ್ಡಪ್ಪನ ಗುಮಾನಿ.

ಪುಟ್ಟಿ ಆಗ ಬಾಯಿ ಬಿಟ್ಟಳು. "ದೊಡ್ಡಪ್ಪ, ಅದು ಕಂಪ್ಯೂಟರ್ ತಪ್ಪಲ್ಲ. ಹಳೆಯ ಫೋಟೋಶಾಪಿನಲ್ಲಿ ನಮ್ಮ ಭಾಷೆಗಳಿಗೆ ಬೇರೆ ಸೆಟ್ಟಿಂಗ್ ಇದೆ. ಅದು ಆನ್ ಇಲ್ಲದಿದ್ದರೆ ಯುನಿಕೋಡ್ (ಫೋನಿನಲ್ಲಿ ಟೈಪ್ ಮಾಡುವಂಥ) ಕನ್ನಡದ ಒತ್ತು ಒಡೆದುಹೋಗುತ್ತದೆ. ಮ್ಯಾಕ್‌ನಲ್ಲೂ ಅಷ್ಟೇ. ಭಾವ ಆನ್ ಮಾಡಿರಲಿಲ್ಲ."

ಕೊನೆಯ ಸಾಲು ಬೇಡವಿತ್ತು. 'ಭಾವ ಟೈಪಿಂಗ್' ಅಂತ ಬಂತು, ನಿಂತಿತು, ಮತ್ತೆ ಬಂತು. ಕೊನೆಗೆ ಒಂದು ಸ್ಕ್ರೀನ್‌ಶಾಟ್. ಪತ್ರಿಕೆಯ ಪ್ರೂಫ್, ಅದರ ಕೆಳಗೆ ದೊಡ್ಡಪ್ಪನ ಉತ್ತರ: "ನೋಡಿದೆ. ಚೆನ್ನಾಗಿದೆ. ಪ್ರಿಂಟಿಗೆ ಕೊಡಿ."

"ಮೂಲ" ಎಂದಷ್ಟೇ ಬರೆದಿದ್ದರು ಭಾವ.

ಆಮೇಲೆ ಯಾರೂ ಮಾತಾಡಲಿಲ್ಲ. ಅತ್ತೆ ಮಾತ್ರ ಇನ್ನೊಂದು ಫೋಟೋ ಹಾಕಿದರು.

ಬೆಳಗ್ಗೆ ಆರಕ್ಕೆ ದೊಡ್ಡಪ್ಪನ ಶುಭೋದಯ ಬಂತು. ಜೊತೆಗೆ: "ಪುಟ್ಟಿ, ಆ ಸೆಟ್ಟಿಂಗಿಗೆ ಎಷ್ಟಾಗುತ್ತದೆ? ದುಡ್ಡು ನಾನು ಕೊಡುತ್ತೇನೆ."